ಮೂರಕ್ಷರದ ‘ಸೆಟ್’ ಮತ್ತು ನಮ್ಮ ‘ಕೂಡು’

ಪರಭಾಷೆಯೊಂದನ್ನು ಕಲಿಯಹೊರಟವರಿಗೆ ಉದ್ದನೆಯ ಪದಗಳೇ ಕಠಿಣ, ಗಿಡ್ಡ ಪದಗಳು ಸುಲಭ ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ವಿಚಾರಿಸಿ ನೋಡಿದರೆ ಸಂಗತಿ ಇದಕ್ಕೆ ತೀರ ವಿರುದ್ಧವಾಗಿದೆ. ‘ಆಂಬ್ಯುಲೆನ್ಸ್’, ‘ಥರ್ಮಾಮೀಟರ್’ ಮುಂತಾದ ಪದಗಳು ಉಚ್ಚರಿಸಲು ಕಷ್ಟವಾದರೂ ಅವುಗಳ ಅರ್ಥ ಒಂದೇ. ಒಮ್ಮೆ ಕಲಿತರೆ ಮುಗಿಯಿತು. ಆದರೆ ‘ಸೆಟ್’, ‘ರನ್’, ‘ಗೆಟ್’, ‘ಟೇಕ್’ ಎಂಬ ಪುಟ್ಟ ಪದಗಳು ಹಾಗಲ್ಲ. ನಾಲಿಗೆಗೆ ಇವು ಸುಲಭ, ಬುದ್ಧಿಗೆ ದುಸ್ತರ. ಇಂದು ಕಂಡ ಅರ್ಥ ನಾಳೆ ಕಾಣದು. ಈ ವಾಕ್ಯದ ಅರ್ಥ ಮುಂದಿನ ವಾಕ್ಯಕ್ಕೆ ಒಗ್ಗದು.

ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳು ಇಂಗ್ಲಿಷಿನ ಮುಂದೆ ಅಂಜುವುದು ಬಹುಮಟ್ಟಿಗೆ ಈ ಚಿಕ್ಕ ಪದಗಳ ದೆಸೆಯಿಂದ. ಗೋವೆಯಲ್ಲಿ ಪ್ರಾಥಮಿಕ ಹಂತವನ್ನು ದಾಟಿದ ಬಹುತೇಕ ಮಕ್ಕಳ ಪ್ರೌಢಶಿಕ್ಷಣ ಇಂಗ್ಲಿಷ್ ಮಾಧ್ಯಮದಲ್ಲೇ ನಡೆಯುವುದರಿಂದ, ಈ ಅಂಜಿಕೆಯು ಕುಂಡಯಿಯಂತಹ ಊರಿನ ಕನ್ನಡ ಮನೆತನಗಳಿಗೆ ಕೇವಲ ವ್ಯಾಕರಣದ ವಿಷಯವಲ್ಲ. ಮಗುವು ಓದು ಮುಂದುವರಿಸುವುದೋ ನಡುವೆ ಬಿಡುವುದೋ ಎಂಬ ಪ್ರಶ್ನೆ. ಆದ್ದರಿಂದ ಈ ಸ್ಮರಣ ಸಂಚಿಕೆಯಲ್ಲಿ ‘ಸೆಟ್’ ಎಂಬ ಒಂದೇ ಪದವನ್ನು ತೆಗೆದುಕೊಂಡು, ಅದರ ಅನೇಕಾರ್ಥಗಳು ಹೇಗೆ ಹುಟ್ಟಿದವು, ಅವನ್ನು ಅರಿಯಲು ಕನ್ನಡ ಬಲ್ಲವರಿಗೆ ಯಾವ ಅನುಕೂಲವಿದೆ ಎಂಬುದನ್ನು ವಿಚಾರಿಸಲು ಉದ್ದೇಶಿಸಿದ್ದೇನೆ.

ಬಳಕೆ ಹೆಚ್ಚಿದಷ್ಟೂ ಅರ್ಥ ಹೆಚ್ಚು

ಇಂಗ್ಲಿಷ್ ಭಾಷೆಯ ಅತಿ ದೊಡ್ಡ ನಿಘಂಟು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಇದರ ಮೊದಲ ಭಾಗ 1884ರಲ್ಲಿ ಹೊರಬಂದು, ಇಡೀ ಗ್ರಂಥ ಪೂರ್ಣಗೊಂಡದ್ದು 1928ರಲ್ಲಿ. 1989ರಲ್ಲಿ ಪ್ರಕಟವಾದ ಇಪ್ಪತ್ತು ಸಂಪುಟಗಳ ದ್ವಿತೀಯ ಆವೃತ್ತಿಯಲ್ಲಿ ‘ಸೆಟ್’ ಪದಕ್ಕೆ 430 ಅರ್ಥಗಳನ್ನು ಕೊಡಲಾಗಿದ್ದು, ಅದರ ವಿವರಣೆಗೇ ಸುಮಾರು 60,000 ಪದಗಳು ವ್ಯಯವಾಗಿವೆ. ಅಷ್ಟು ಬರೆಹದಲ್ಲಿ ಒಂದು ಚಿಕ್ಕ ಕಾದಂಬರಿಯನ್ನೇ ರಚಿಸಬಹುದು. ಬಹುಕಾಲ ಈ ಪದವೇ ನಿಘಂಟಿನ ಚಕ್ರವರ್ತಿಯಾಗಿತ್ತು. 2011ರಲ್ಲಿ ಸಂಪಾದಕರು ‘ರನ್’ ಎಂಬ ಕ್ರಿಯಾಪದವನ್ನು ಪರಿಷ್ಕರಿಸಿ 645 ಅರ್ಥಗಳನ್ನು ಗುರುತಿಸಿದ ಮೇಲೆ ಆ ಪಟ್ಟ ‘ರನ್’ಗೆ ಹೋಯಿತು. ಯಂತ್ರ, ಗಣಕ, ವ್ಯಾಪಾರ, ಚುನಾವಣೆ ಎಲ್ಲವೂ ಇಂಗ್ಲಿಷಿನಲ್ಲಿ ‘ಓಡು’ವುದರಿಂದ ಹೀಗಾದದ್ದು ಆಶ್ಚರ್ಯವಲ್ಲ.

ಈ ನಿಘಂಟು ಸಿದ್ಧವಾದ ಬಗೆ ನಮ್ಮ ವಿಷಯಕ್ಕೆ ಪ್ರಸ್ತುತವಾಗಿದೆ. ಜೇಮ್ಸ್ ಮರ್‍ರೆ ಮೊದಲಾದ ಸಂಪಾದಕರು ಅರ್ಥಗಳನ್ನು ತಮ್ಮ ತಲೆಯಿಂದ ಹುಟ್ಟಿಸಲಿಲ್ಲ. ಸಾವಿರಾರು ಓದುಗರು ತಾವು ಓದಿದ ಪುಸ್ತಕಗಳಿಂದ ವಾಕ್ಯಗಳನ್ನು ಚೀಟಿಗಳ ಮೇಲೆ ಬರೆದು ಕಳಿಸಿದರು. ಆ ಚೀಟಿಗಳನ್ನು ವಿಂಗಡಿಸಿದಾಗ ಅರ್ಥಗಳು ತಾವಾಗಿ ಗುಂಪುಗೂಡಿದವು. ಎಂಟು ಸಂಪುಟಗಳಲ್ಲಿ 1970ರಿಂದ 1995ರವರೆಗೆ ಹೊರಬಂದ ನಮ್ಮ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಕೂಡ ಶಾಸನ, ಕಾವ್ಯಗಳ ಪ್ರಯೋಗಗಳನ್ನು ಆಧರಿಸಿಯೇ ರಚಿತವಾದುದು. ವಾಕ್ಯ ಮೊದಲು, ಅರ್ಥ ಆಮೇಲೆ. ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದಿನ ವಿವೇಚನೆಯೆಲ್ಲ ಇದರ ಮೇಲೆ ನಿಂತಿದೆ.

ಚಿಕ್ಕ ಪದಗಳಿಗೇ ಏಕೆ ಇಷ್ಟು ಅರ್ಥ? ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಜಿಪ್ಫ್ 1945ರಲ್ಲಿ ಇದಕ್ಕೊಂದು ನಿಯಮವನ್ನು ತೋರಿಸಿದನು: ಹೆಚ್ಚು ಬಳಕೆಯಾಗುವ ಪದಕ್ಕೆ ಹೆಚ್ಚು ಅರ್ಥಗಳಿರುತ್ತವೆ. ಅಡಿಗೆಮನೆಯ ಚಿಕ್ಕ ಚಾಕುವನ್ನು ನೆನೆಯಬಹುದು. ಅದು ಕಾಯಿಪಲ್ಯ ಹೆಚ್ಚುತ್ತದೆ, ದಾರ ಕತ್ತರಿಸುತ್ತದೆ, ಡಬ್ಬಿಯ ಮುಚ್ಚಳ ಎಬ್ಬಿಸುತ್ತದೆ, ಹುಡುಗರ ಪೆನ್ಸಿಲನ್ನೂ ಕೆತ್ತುತ್ತದೆ. ಕೈಗೆ ಸದಾ ಸಿಗುವ ಉಪಕರಣಕ್ಕೆ ಕೆಲಸ ಹೆಚ್ಚು. ಪದಗಳ ವಿಷಯವೂ ಹಾಗೆಯೇ.

ಕುಂಡಯಿಯ ಬದುಕಿನಲ್ಲಿ ‘ಸೆಟ್’

ಈ ಪದವನ್ನು ಹುಡುಕಲು ನಿಘಂಟಿಗೆ ಹೋಗಬೇಕಾಗಿಲ್ಲ. ಒಂದೆಡೆ ನವದುರ್ಗೆಯ ದೇವಾಲಯ, ಇನ್ನೊಂದೆಡೆ ಕೈಗಾರಿಕಾ ವಸಾಹತು ಇರುವ ನಮ್ಮ ಕುಂಡಯಿಯಲ್ಲಿ ಇಂಗ್ಲಿಷ್ ಓದದವರ ಬಾಯಲ್ಲೂ ಅದು ದಿನವಿಡೀ ಓಡಾಡುತ್ತದೆ.

ಕಾರ್ಖಾನೆಯಲ್ಲಿ ದುಡಿಯುವ ತಂದೆ ಮಷಿನ್ ‘ಸೆಟ್’ ಮಾಡುತ್ತಾನೆ; ಅಂದರೆ ಅಳತೆಗೆ ತಕ್ಕಂತೆ ಹೊಂದಿಸುತ್ತಾನೆ. ಅವನ ಪೆಟ್ಟಿಗೆಯಲ್ಲಿರುವ ಸ್ಪ್ಯಾನರ್ ‘ಸೆಟ್’ ಎಂದರೆ ಸಣ್ಣದರಿಂದ ದೊಡ್ಡದರವರೆಗಿನ ಪಾನಾಗಳ ಪೂರ್ತಿ ಜೊತೆ. ವಿದ್ಯುತ್ತು ಹೋದಾಗ ಚಾಲೂ ಆಗುವ ಜನರೇಟರ್ ‘ಸೆಟ್’ ಎಂದರೆ ಇಂಜಿನು ಮತ್ತು ವಿದ್ಯುಜ್ಜನಕ ಎರಡೂ ಸೇರಿದ ಯಂತ್ರ. ಊರಿನಲ್ಲಿ ಅವನ ಅಣ್ಣ ಹೊಲಕ್ಕೆ ನೀರು ಹಾಯಿಸುವ ಪಂಪ್‌ಸೆಟ್ಟೂ ಇದೇ ಜಾತಿಯದು. ಕಟ್ಟಡ ಕೆಲಸದ ಗೌಂಡಿಯು ಸಿಮೆಂಟು ‘ಸೆಟ್’ ಆಯಿತೇ ಎಂದು ಕೇಳಿದರೆ ಅದು ಬಿಗಿಯಿತೇ ಎಂದು ಕೇಳಿದಂತೆ. ತಾಯಿಯು ಕಪ್ಪು-ಬಸಿಯ ‘ಸೆಟ್’ ಕೊಳ್ಳುತ್ತಾಳೆ. ಕರ್ನಾಟಕದ ಹೋಟೆಲಿನಲ್ಲಿ ಮೆತ್ತನೆಯ ದೋಸೆಗಳು ಒಂದರ ಮೇಲೊಂದು ಕೂತು ‘ಸೆಟ್ ದೋಸೆ’ ಎನಿಸುತ್ತವೆ. ಸಿನಿಮಾದವರ ‘ಸೆಟ್’ ಹಲಗೆ-ಬಟ್ಟೆಗಳಿಂದ ಎಬ್ಬಿಸಿದ ಅರಮನೆ. ಟೆನಿಸ್ ಆಟದ ‘ಸೆಟ್’ ಕನಿಷ್ಠ ಆರು ಗೇಮುಗಳನ್ನು ಗೆದ್ದವರದು. ಗಣಿತದ ‘ಸೆಟ್’ ಕನ್ನಡದಲ್ಲಿ ‘ಗಣ’, ಮರಾಠಿಯಲ್ಲಿ ‘ಸಂಚ’. ತರುಣರಂತೂ ‘ಅವನಿಗೂ ನನಗೂ ಸೆಟ್ ಆಗುವುದಿಲ್ಲ’ ಎಂದು ಸ್ನೇಹಕ್ಕೂ ಈ ಪದವನ್ನು ಹಚ್ಚಿದ್ದಾರೆ. ಟಿ.ವಿ.ಗೆ ಜೋಡಿಸುವ ‘ಸೆಟ್ ಟಾಪ್ ಬಾಕ್ಸ್’ ಎಂಬುದರ ಅರ್ಥವನ್ನು ಬಿಡಿಸಿದವರು ವಿರಳ, ಟಿ.ವಿ. ಸೆಟ್ಟಿನ ತಲೆಯ ಮೇಲೆ ಇಡುವ ಪೆಟ್ಟಿಗೆ ಎಂಬುದೇ ಅದರ ಭಾವ. ಟಿ.ವಿ. ತೆಳ್ಳಗಾಗಿ ಗೋಡೆಗೆ ಅಂಟಿದ ಮೇಲೂ ಹೆಸರು ಮಾತ್ರ ಉಳಿದುಕೊಂಡಿತು.

ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ‘ಸೆಟ್’ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ಮೂರು ಪದಗಳ ಮೊದಲಕ್ಷರಗಳಿಂದಾದ ಸಂಕ್ಷೇಪ, ಹೋಲಿಕೆ ಆಕಸ್ಮಿಕ. ಅನೇಕಾರ್ಥಗಳನ್ನು ವಿಚಾರಿಸುವಾಗ ಇಂತಹ ವೇಷಧಾರಿಗಳನ್ನು ಬೇರೆ ಮಾಡಿ ಇಡಬೇಕು.

ಬೇರು ಹಿಡಿದು ನೋಡಿದರೆ

ಮೇಲೆ ಹೇಳಿದ ಅರ್ಥಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದು ದಂಡ. ಬೇರನ್ನು ಹಿಡಿದರೆ ಕೊಂಬೆಗಳು ತಾವಾಗಿ ಕೈಗೆ ಬರುತ್ತವೆ.

ಇಂಗ್ಲಿಷಿನಲ್ಲಿ ‘ಸಿಟ್’ ಎಂದರೆ ಕುಳಿತುಕೊಳ್ಳು. ‘ಸೆಟ್’ ಎಂಬುದು ಅದರ ಪ್ರೇರಣಾರ್ಥಕ ರೂಪ, ಅಂದರೆ ಕುಳ್ಳಿರಿಸು. ನಮ್ಮ ‘ಮಾಡು–ಮಾಡಿಸು’, ‘ಏಳು–ಎಬ್ಬಿಸು’ ಎಂಬ ಜೋಡಿಗಳಂತೆಯೇ ಇದು. ಈ ಒಂದು ಸೂತ್ರದಿಂದ ಎಷ್ಟೋ ಅರ್ಥಗಳು ಬಿಚ್ಚಿಕೊಳ್ಳುತ್ತವೆ. ಊಟದ ಮೇಜನ್ನು ‘ಸೆಟ್’ ಮಾಡುವುದೆಂದರೆ ತಟ್ಟೆ-ಲೋಟಗಳನ್ನು ಅವುಗಳ ಜಾಗದಲ್ಲಿ ಕೂರಿಸುವುದು. ಉಂಗುರದಲ್ಲಿ ಹರಳನ್ನು ‘ಸೆಟ್’ ಮಾಡುವುದೆಂದರೆ ಮನೆಯಲ್ಲಿ ಕೂರಿಸುವುದು. ನಮ್ಮ ಅಕ್ಕಸಾಲಿಗರ ಮಾತೂ ಇದೇ. ಮುರಿದ ಎಲುಬನ್ನು ‘ಸೆಟ್’ ಮಾಡುವುದೆಂದರೆ ಸ್ಥಾನದಲ್ಲಿ ಕೂರಿಸಿ ಕಟ್ಟುವುದು. ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು, ಕೆಲಸದ ಗುರಿಯನ್ನು, ಮದುವೆಯ ದಿನಾಂಕವನ್ನು ‘ಸೆಟ್’ ಮಾಡುವುದೆಂದರೆ ಅಲುಗಾಡದಂತೆ ಗೊತ್ತುಪಡಿಸುವುದು. ದ್ರವವು ಕೂತು ಘನವಾದರೆ ಅದೂ ‘ಸೆಟ್’: ಮೊಸರು ಹೆಪ್ಪುಗಟ್ಟುವುದು, ಸಿಮೆಂಟು ಬಿಗಿಯುವುದು. ಸೂರ್ಯನು ‘ಸೆಟ್’ ಆಗುತ್ತಾನೆ, ಅಂದರೆ ಕೆಳಗೆ ಇಳಿದು ಕೂರುತ್ತಾನೆ. ನಮ್ಮಲ್ಲಿ ಹೊತ್ತು ಮುಳುಗುತ್ತದೆ. ಇಂಗ್ಲಿಷರ ಸೂರ್ಯ ಆಸೀನನಾಗುತ್ತಾನೆ, ನಮ್ಮ ಸೂರ್ಯ ನೀರಿಗಿಳಿಯುತ್ತಾನೆ; ಅಷ್ಟೇ ವ್ಯತ್ಯಾಸ.

ಈ ಬೇರು ನಮಗೆ ಅಪರಿಚಿತವೂ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಬಂದಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದ್ದು ಪ್ರಸಿದ್ಧ. ಇಂಗ್ಲಿಷಿನ ‘ಸಿಟ್’, ‘ಸೆಟ್’, ‘ಸೀಟ್’ ಎಂಬ ಪದಗಳೂ ಸಂಸ್ಕೃತದ ‘ಸದ್’ ಎಂಬ ಧಾತುವೂ ಆ ಮೂಲದ ಒಂದೇ ಬಳ್ಳಿಯ ಕುಡಿಗಳು. ಕುಳಿತು ಚರ್ಚಿಸುವ ಸ್ಥಳ ‘ಸದನ’, ಗುರುವಿನ ಸಮೀಪ ಕುಳಿತು ಕಲಿತದ್ದು ‘ಉಪನಿಷತ್’, ಸುತ್ತಲೂ ಕುಳಿತವರ ಸಭೆ ‘ಪರಿಷತ್’. ಕನ್ನಡವು ದ್ರಾವಿಡ ಭಾಷೆಯಾದರೂ ಸಂಸ್ಕೃತದ ಮೂಲಕ ಈ ಪದಗಳು ನಮ್ಮವಾಗಿವೆ. 1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಹೆಸರಿನಲ್ಲಿಯೇ ‘ಸೆಟ್’ ಪದದ ದೂರದ ಬಂಧುವೊಬ್ಬ ಗಂಭೀರವಾಗಿ ಆಸೀನನಾಗಿದ್ದಾನೆ!

ಇನ್ನು ಗುಂಪು, ಜೊತೆ ಎಂಬ ಅರ್ಥ ಉಳಿಯಿತು. ಸ್ಪ್ಯಾನರ್ ಸೆಟ್ಟಿಗೂ ಕುಳ್ಳಿರಿಸುವುದಕ್ಕೂ ಏನು ಸಂಬಂಧ? ಇಲ್ಲಿ ಇತಿಹಾಸ ತುಸು ಬೇರೆ. ಗುಂಪು ಎಂಬರ್ಥದ ‘ಸೆಟ್’ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಅದರ ಮೂಲ ಲ್ಯಾಟಿನ್ನಿನ ‘ಸೆಕ್ತ’, ಅಂದರೆ ಒಂದೇ ಮತವನ್ನು ಅನುಸರಿಸುವವರ ಪಂಗಡ. ಹೀಗೆ ಎರಡು ಬೇರೆ ಬೇರೆ ಬೇರುಗಳು ಕಾಲಾಂತರದಲ್ಲಿ ಒಂದೇ ರೂಪ ತಾಳಿ, ಅರ್ಥಗಳೂ ಒಂದರೊಳಗೊಂದು ಬೆರೆತುಹೋದವು. ಇಂದು ಆ ಎರಡನ್ನು ಬೇರ್ಪಡಿಸುವುದು ಹಾಲು-ನೀರನ್ನು ಬೇರ್ಪಡಿಸಿದಂತೆ.

ನಮ್ಮ ‘ಕೂಡು’

ಈಗ ಕನ್ನಡದತ್ತ ತಿರುಗೋಣ. ಒಂದೇ ಪದಕ್ಕೆ ಹಲವು ಅರ್ಥಗಳಿರುವುದು ನಮ್ಮ ಪರಂಪರೆಗೆ ಹೊಸದಲ್ಲ. ಅಮರಕೋಶದ ಮೂರನೆಯ ಕಾಂಡದಲ್ಲಿ ‘ನಾನಾರ್ಥವರ್ಗ’ವೆಂಬ ಪ್ರತ್ಯೇಕ ಭಾಗವೇ ಇದೆ. ಸಂಸ್ಕೃತದ ‘ಹರಿ’ ಎಂದರೆ ವಿಷ್ಣು, ಇಂದ್ರ, ಸಿಂಹ, ಕುದುರೆ, ಕಪಿ, ಹಾವು, ಕಪ್ಪೆ ಎಲ್ಲವೂ ಹೌದು. ಕನ್ನಡದ ಅಚ್ಚ ಕ್ರಿಯಾಪದ ‘ಹರಿ’ ಇದರಿಂದ ಬೇರೆಯಾದದ್ದು: ನೀರು ಹರಿಯುತ್ತದೆ, ಬಟ್ಟೆ ಹರಿಯುತ್ತದೆ, ಹಾವು ಹರಿಯುತ್ತದೆ, ಬೆಳಗು ಹರಿಯುತ್ತದೆ, ಸಾಲವೂ ಹರಿಯುತ್ತದೆ. ಯಾವ ಕನ್ನಡದ ಮಗುವೂ ಇದಕ್ಕಾಗಿ ಕೋಷ್ಟಕ ಬರೆದು ಉರುಹೊಡೆದದ್ದಿಲ್ಲ.

ಆದರೆ ‘ಸೆಟ್’ ಪದಕ್ಕೆ ಸರಿಯಾದ ಕನ್ನಡದ ಪ್ರತಿಬಿಂಬವನ್ನು ಹುಡುಕಿದರೆ ನನಗೆ ದೊರೆಯುವುದು ‘ಕೂಡು’ ಎಂಬ ಎರಡಕ್ಷರ. ಇದರ ಮೂಲಾರ್ಥ ಸೇರು ಎಂದು. ನದಿಗಳು ಕೂಡುವ ಸ್ಥಳ ‘ಕೂಡಲ’. ಕೃಷ್ಣೆ-ಮಲಪ್ರಭೆಯರು ಸೇರುವ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ. ಜನ ಕೂಡಿದರೆ ‘ಕೂಟ’, ಮನೆಮಂದಿ ಒಟ್ಟಿಗಿದ್ದರೆ ‘ಕೂಡುಕುಟುಂಬ’, ಅಂಕಿಗಳನ್ನು ಸೇರಿಸಿದರೆ ‘ಕೂಡಿಸುವ ಲೆಕ್ಕ’, ಹಣವನ್ನು ಉಳಿಸಿದರೆ ‘ಕೂಡಿಡು’. ಜೊತೆಗೆ ಎನ್ನಲು ‘ಕೂಡ’, ತಡವಿಲ್ಲದೆ ಎನ್ನಲು ‘ಕೂಡಲೆ’, ಸಲ್ಲದು ಎನ್ನಲು ‘ಕೂಡದು’. ಮದುವೆಗೆ ಕಂಕಣಬಲ ‘ಕೂಡಿ ಬರಬೇಕು’. ತರುಣರು ‘ಸೆಟ್ ಆಗುವುದಿಲ್ಲ’ ಎನ್ನುವಲ್ಲಿ ಅವರ ಅಜ್ಜಂದಿರು ‘ಕೂಡಿ ಬರುವುದಿಲ್ಲ’ ಎಂದೇ ಹೇಳುತ್ತಿದ್ದರು.

ಇಷ್ಟೇ ಆಗಿದ್ದರೆ ಇದು ಗುಂಪು ಎಂಬರ್ಥದ ‘ಸೆಟ್’ ಪದಕ್ಕೆ ಮಾತ್ರ ಸಮನಾಗುತ್ತಿತ್ತು. ಆದರೆ ವಿಜಯಪುರ, ಬಾಗಲಕೋಟೆ, ಗದಗ, ಧಾರವಾಡ, ಬೆಳಗಾವಿಗಳ ಕಡೆಯ ಮನೆಗೆ ಅತಿಥಿಯಾಗಿ ಹೋದರೆ ಮೊದಲು ಕೇಳಿಸುವ ಮಾತು ‘ಬರ್‍ರಿ, ಕೂಡ್ರಿ’ ಎಂಬುದಲ್ಲವೆ? ಅಲ್ಲಿ ‘ಕೂಡು’ ಎಂದರೆ ಕುಳಿತುಕೊಳ್ಳು. ಚೌತಿಗೆ ಗಣಪತಿಯನ್ನು ‘ಕೂಡಿಸುತ್ತಾರೆ’, ಅಂದರೆ ಪ್ರತಿಷ್ಠಾಪಿಸುತ್ತಾರೆ. ‘ಕುಳ್ಳಿರು’, ‘ಕೂಡ್ರು’ ಎಂಬ ಈ ಬಳಗವು ಸೇರು ಎಂಬರ್ಥದ ‘ಕೂಡು’ವಿನಿಂದ ಮೂಲತಃ ಬೇರೆ. ಆಡುಮಾತಿನಲ್ಲಿ ಎರಡೂ ಸವೆದು ಒಂದೇ ರೂಪಕ್ಕೆ ಬಂದಿವೆ. ಇಂಗ್ಲಿಷಿನಲ್ಲಿ ಕುಳ್ಳಿರಿಸುವ ‘ಸೆಟ್’ ಮತ್ತು ಗುಂಪಿನ ‘ಸೆಟ್’ ಎರಡು ಬೇರುಗಳಿಂದ ಬಂದು ಒಂದಾದಂತೆಯೇ, ಕನ್ನಡದಲ್ಲಿ ಕುಳಿತುಕೊಳ್ಳುವ ‘ಕೂಡು’ ಮತ್ತು ಸೇರುವ ‘ಕೂಡು’ ಎರಡು ಬೇರುಗಳಿಂದ ಬಂದು ಒಂದಾಗಿವೆ. ಸಾವಿರಾರು ಮೈಲಿ ದೂರದ, ಸಂಬಂಧವಿಲ್ಲದ ಎರಡು ಭಾಷೆಗಳಲ್ಲಿ ಅದೇ ಎರಡು ಅರ್ಥಗಳು ಅದೇ ಬಗೆಯಲ್ಲಿ ಜೊತೆಯಾದದ್ದು ಸೋಜಿಗವೇ ಸರಿ.

ಇದರ ಫಲಿತಾರ್ಥ ಮುಖ್ಯವಾದುದು. ‘ಎಲ್ಲರೂ ಕೂಡಿ ಬರ್‍ರಿ’ ಎಂದರೆ ಒಟ್ಟಾಗಿ ಬನ್ನಿ; ‘ಎಲ್ಲರೂ ಕೂಡ್ರಿ ಬರ್‍ರಿ’ ಎಂದರೆ ಬಂದು ಕುಳಿತುಕೊಳ್ಳಿ; ‘ಎಂಟು ಮತ್ತು ಐದನ್ನು ಕೂಡಿಸು’ ಎಂದರೆ ಹದಿಮೂರು; ‘ಗಣಪತಿಯನ್ನು ಕೂಡಿಸು’ ಎಂದರೆ ಪೂಜೆ. ಮೂರು ವರ್ಷದ ಮಗುವಿಗೂ ಇಲ್ಲಿ ಗೊಂದಲವಿಲ್ಲ. ಎಂಟು-ಐದು ಎಂಬ ಅಂಕಿಗಳ ಪಕ್ಕದಲ್ಲಿ ಬಂದಾಗ ಒಂದು ಅರ್ಥ, ಗಣಪತಿಯ ಪಕ್ಕದಲ್ಲಿ ಬಂದಾಗ ಇನ್ನೊಂದು ಎಂಬುದನ್ನು ಆ ಮಗು ಯಾರೂ ಹೇಳಿಕೊಡದೆ ಗ್ರಹಿಸಿದೆ. ಅಂದಮೇಲೆ ‘ಸೆಟ್’ ಪದವನ್ನು ಅರಿಯಲು ಬೇಕಾದ ಬುದ್ಧಿಶಕ್ತಿ ಅದರಲ್ಲಿ ಆಗಲೇ ಇದೆ. ಅದಕ್ಕೆ ತಾನು ಹೊಂದಿರುವ ಶಕ್ತಿಯ ಅರಿವಿಲ್ಲ, ಅಷ್ಟೇ.

ನೆರೆಯ ಭಾಷೆಗಳ ಸಾಕ್ಷಿ

ಗೋವೆಯಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಇನ್ನೂ ಒಂದು ಅನುಕೂಲವಿದೆ. 1987ರ ಶಾಸನದಂತೆ ಇಲ್ಲಿ ಕೊಂಕಣಿ ರಾಜಭಾಷೆ. ಮರಾಠಿಗೂ ಆಡಳಿತದಲ್ಲಿ ಸ್ಥಾನವಿದೆ. ಅಂಗಡಿ-ಕಾರ್ಖಾನೆಗಳಲ್ಲಿ ಹಿಂದಿ ಕೇಳಿಸುತ್ತದೆ. ಮರಾಠಿಯ ‘ಬಸಣೆ’ ಎಂಬ ಪದವನ್ನು ನೋಡಿ. ಮೂಲಾರ್ಥ ಕುಳಿತುಕೊಳ್ಳುವುದು. ಆದರೆ ಅಂಗಿ ಮೈಗೆ ಸರಿಹೊಂದದಿದ್ದರೆ ಅದು ‘ಬಸತ ನಾಹಿ’. ಗಂಟಲು ಕಟ್ಟಿದರೆ ‘ಆವಾಜ ಬಸಲಾ’. ಆಘಾತ ತಗುಲಿದರೆ ‘ಧಕ್ಕಾ ಬಸಲಾ’. ಗಣಪತಿಯನ್ನು ಪ್ರತಿಷ್ಠಾಪಿಸುವುದು ‘ಬಸವಣೆ’. ಕನ್ನಡದಲ್ಲಿಯೂ ನಟ್ಟು ಸರಿಯಾಗಿ ಕೂರಬೇಕು, ಧೂಳು ಕೂರುತ್ತದೆ, ಹಿರಿಯರ ಮಾತು ಮನಸ್ಸಿನಲ್ಲಿ ಕೂರುತ್ತದೆ. ಕುಳಿತುಕೊಳ್ಳುವ ಕ್ರಿಯೆಯಿಂದ ಹೊಂದಿಕೆ, ಸ್ಥಿರತೆ, ಸ್ಥಾಪನೆ ಎಂಬ ಅರ್ಥಗಳಿಗೆ ಸಾಗುವುದು ಹೀಗೆ ಎಷ್ಟೋ ಭಾಷೆಗಳು ಹಿಡಿದ ದಾರಿ. ನಾಲ್ಕು ಭಾಷೆಗಳ ನಡುವೆ ಆಡಿ ಬೆಳೆದ ಕುಂಡಯಿಯ ಹುಡುಗನಿಗೆ ಆ ದಾರಿಯ ಪರಿಚಯ ಮೊದಲೇ ಇದೆ.

ಸಂಗಾತಿ ಪದಗಳು

ಇಂಗ್ಲಿಷಿನ ಇನ್ನೊಂದು ತೊಡಕು ಕ್ರಿಯಾಪದದ ಬೆನ್ನಿಗೆ ಅಂಟಿಕೊಳ್ಳುವ ಕಿರುಪದಗಳದು. ‘ಸೆಟ್ ಔಟ್’ ಎಂದರೆ ಪ್ರಯಾಣ ಹೊರಡು. ‘ಸೆಟ್ ಅಪ್’ ಎಂದರೆ ಸ್ಥಾಪಿಸು. ‘ಸೆಟ್ ಇನ್’ ಎಂದರೆ ನೆಲೆಯಾಗಿ ಆರಂಭವಾಗು, ಜೂನ್ ತಿಂಗಳಲ್ಲಿ ನಾವು ‘ಮಳೆ ಹಿಡಿಯಿತು’ ಎನ್ನುವಂತೆ. ‘ಸೆಟ್ ಬ್ಯಾಕ್’ ಎಂದರೆ ಹಿನ್ನಡೆ, ಕಟ್ಟಡದ ನಕ್ಷೆಯಲ್ಲಾದರೆ ಸುತ್ತಲೂ ಬಿಡಬೇಕಾದ ಜಾಗ.

ಇದೂ ನಮಗೆ ಅನ್ಯವಲ್ಲ. ಕನ್ನಡದಲ್ಲಿ ಸಂಗಾತಿ ಪದವು ಹಿಂದೆ ಬರುವ ಬದಲು ಮುಂದೆ ನಿಲ್ಲುತ್ತದೆ. ಕೈ ಸೇರಿದರೆ ‘ಕೈಗೂಡು’, ಆಸೆ ನೆರವೇರಿತು; ಒಂದು ಸೇರಿದರೆ ‘ಒಂದುಗೂಡು’, ಐಕ್ಯವಾಯಿತು; ಒಟ್ಟು ಸೇರಿದರೆ ‘ಒಟ್ಟುಗೂಡು’, ರಾಶಿಯಾಯಿತು. ಕಕಾರವು ಗಕಾರವಾಗುವ ಈ ಆದೇಶಸಂಧಿಯನ್ನು ನಾವು ‘ಮಳೆಗಾಲ’ ಎಂಬ ಉದಾಹರಣೆಯೊಡನೆ ಶಾಲೆಯಲ್ಲಿ ಕಲಿತವರೇ. ‘ಕೈಗೂಡು’ ಎಂಬಲ್ಲಿ ಕೈಯೂ ಇಲ್ಲ, ಸೇರುವುದೂ ಇಲ್ಲ. ಎರಡೂ ಬೆರೆತು ಹುಟ್ಟಿದ ಮೂರನೆಯ ಅರ್ಥವಿದೆ. ‘ಸೆಟ್ ಔಟ್’ ಎಂಬಲ್ಲಿಯೂ ಅಷ್ಟೇ. ಆದ್ದರಿಂದ ‘ಸೆಟ್’ ಬೇರೆ, ‘ಔಟ್’ ಬೇರೆ ಎಂದು ಬಿಡಿಸಿ ಅರ್ಥ ಹುಡುಕದೆ, ಜೋಡಿಯನ್ನು ಒಂದೇ ಪದವೆಂದು ಎಣಿಸಿ ಕಲಿಯುವುದು ಸರಿಯಾದ ಮಾರ್ಗ.

ಅರ್ಥ ತಪ್ಪಿದರೆ ಆಗುವ ಅನರ್ಥ

ಇದೆಲ್ಲ ಪಂಡಿತರ ವಿನೋದವೆಂದು ಯಾರಾದರೂ ಭಾವಿಸಬಹುದು. ಎರಡು ಉದಾಹರಣೆಗಳನ್ನು ಮಾತ್ರ ಮುಂದಿಡುತ್ತೇನೆ.

ಮೊದಲನೆಯದು ಗೌಂಡಿ ಕೆಲಸದವರಿಗೆ ಸಂಬಂಧಿಸಿದ್ದು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಆರಂಭದ ಸೆಟ್ಟಿಂಗ್ 30 ನಿಮಿಷಗಳಿಗಿಂತ ಮುಂಚೆ ಆಗಕೂಡದು, ಅಂತಿಮ ಸೆಟ್ಟಿಂಗ್ 600 ನಿಮಿಷಗಳನ್ನು ಮೀರಕೂಡದು. ಅಂದರೆ ಹತ್ತು ಗಂಟೆಗಳೊಳಗೆ ಸಿಮೆಂಟು ‘ಸೆಟ್’ ಆಯಿತು. ಆದರೆ ಇಲ್ಲಿ ‘ಸೆಟ್’ ಎಂದರೆ ಮೆದುತನ ಹೋಗಿ ಆಕಾರ ಕೂತಿತು ಎಂದಷ್ಟೇ. ಭಾರ ಹೊರುವ ಬಲ ಬಂತು ಎಂದಲ್ಲ. ಬಲ ಬರಲು ದಿನಗಳು ಬೇಕು. ಕನಿಷ್ಠ 7 ದಿನಗಳವರೆಗೆ ನೀರುಣಿಸಬೇಕೆಂಬುದು ನಿಯಮ. ಕಾಂಕ್ರೀಟಿನ ಬಲವನ್ನು 28ನೆಯ ದಿನದ ಪರೀಕ್ಷೆಯಿಂದ ಅಳೆಯುತ್ತಾರೆ. ‘ಸೆಟ್ ಆಯಿತು’ ಎಂಬುದನ್ನು ‘ಗಟ್ಟಿಯಾಯಿತು’ ಎಂದು ತಿಳಿದು ಸ್ಲ್ಯಾಬಿನ ಸೆಂಟ್ರಿಂಗ್ ಬೇಗ ಕಿತ್ತರೆ ಕೆಳಗಿರುವವರ ಪ್ರಾಣಕ್ಕೆ ಸಂಚಕಾರ. ಹೆಪ್ಪುಗಟ್ಟುವುದು ಬೇರೆ, ಗಟ್ಟಿಯಾಗುವುದು ಬೇರೆ ಎಂಬ ಸೂಕ್ಷ್ಮವನ್ನು ಕನ್ನಡವು ಎರಡು ಪದಗಳಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಕೆಲಸದ ಜಾಗದಲ್ಲಿ ಆ ಎರಡನ್ನೂ ಬಳಸುವುದು ಭಾಷಾಭಿಮಾನಕ್ಕಿಂತ ಮಿಗಿಲಾಗಿ ಜೀವರಕ್ಷಣೆಯ ಕ್ರಮ.

ಎರಡನೆಯದು ನ್ಯಾಯಾಲಯದ ಕಾಗದ. ಕೆಳಗಿನ ನ್ಯಾಯಾಲಯದ ಆದೇಶವನ್ನು ಮೇಲಿನ ನ್ಯಾಯಾಲಯವು ‘ಸೆಟ್ ಅಸೈಡ್’ ಮಾಡಿದೆ ಎಂದು ಬರೆದಿದ್ದರೆ, ಆದೇಶವನ್ನು ಪಕ್ಕಕ್ಕೆ ಜೋಪಾನವಾಗಿ ಇರಿಸಲಾಗಿದೆ ಎಂದಲ್ಲ, ರದ್ದುಪಡಿಸಲಾಗಿದೆ ಎಂದು ಅರ್ಥ. ಹಣವನ್ನು ‘ಸೆಟ್ ಅಸೈಡ್’ ಮಾಡಿದರೆ ಮಾತ್ರ ಅದು ತೆಗೆದಿರಿಸಿದ ಹಣ. ಗೆದ್ದೆನೆಂದು ಸುಮ್ಮನಿದ್ದ ಕಾರ್ಮಿಕನು ವಾಸ್ತವದಲ್ಲಿ ಸೋತಿರಬಹುದು. ಮುಂದಿನ ಅರ್ಜಿಯ ಅವಧಿಯೂ ಮೀರಿ ಹೋಗಬಹುದು. ಒಂದೇ ಜೋಡಿಪದ, ಎದುರುಬದುರು ಅರ್ಥ. ನಿರ್ಣಯಿಸುವುದು ಪಕ್ಕದ ಪದ: ‘ಹಣ’ವೋ ‘ಆದೇಶ’ವೋ ಎಂಬುದು.

ತರಗತಿಯಲ್ಲಿ ಮಾಡಬಹುದಾದುದು

ಇಂಗ್ಲಿಷ್ ಪಾಠ ಹೇಳಿದವನಾಗಿ ನನಗೆ ತೋಚುವ ಕ್ರಮವನ್ನು ಸಂಕ್ಷೇಪವಾಗಿ ಸೂಚಿಸುತ್ತೇನೆ. ‘ಸೆಟ್ ಅಂದರೆ ಗುಂಪು’ ಎಂದು ಒಂದೇ ಅರ್ಥವನ್ನು ಹಲಗೆಯ ಮೇಲೆ ಬರೆದು ಮುಗಿಸುವ ಪದ್ಧತಿಯು ಮಗುವಿನ ಕೈಗೆ ಒಂದೇ ಬೀಗದ ಕೈ ಕೊಟ್ಟು ನೂರು ಬೀಗಗಳ ಮುಂದೆ ನಿಲ್ಲಿಸಿದಂತೆ. ಅದರ ಬದಲು ಪದ ಎದುರಾದಾಗಲೆಲ್ಲ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಮಾಡಿಸಬೇಕು. ಮೊದಲನೆಯದು, ಯಾರು ಅಥವಾ ಯಾವುದು ‘ಸೆಟ್’ ಆಯಿತು: ಸೂರ್ಯನೋ, ಸಿಮೆಂಟೋ, ಮನುಷ್ಯನೋ? ಎರಡನೆಯದು, ಯಾವುದನ್ನು ‘ಸೆಟ್’ ಮಾಡಿದರು: ಮೇಜನ್ನೋ, ಎಲುಬನ್ನೋ, ದಿನಾಂಕವನ್ನೋ? ಮೂರನೆಯದು, ಬೆನ್ನಿಗೆ ಯಾವ ಕಿರುಪದವಿದೆ? ಈ ಮೂರಕ್ಕೆ ಉತ್ತರ ದೊರೆತರೆ ಅರ್ಥವು ಹತ್ತರಲ್ಲಿ ಒಂಬತ್ತು ಬಾರಿ ತಾನಾಗಿ ಹೊಳೆಯುತ್ತದೆ. ಕಾಲಸೂಚನೆಯ ವಿಷಯದಲ್ಲಿ ಒಂದು ಎಚ್ಚರ ಸಾಕು: ಈ ಕ್ರಿಯಾಪದದ ರೂಪವು ಭೂತಕಾಲದಲ್ಲಿಯೂ ಬದಲಾಗದು, ನಿನ್ನೆ ಮಾಡಿದ್ದೂ ‘ಸೆಟ್’, ಇಂದು ಮಾಡುವುದೂ ‘ಸೆಟ್’. ಕಾಲವನ್ನು ತಿಳಿಯಲು ಸಹ ಅಕ್ಕಪಕ್ಕದ ಪದಗಳನ್ನೇ ನೋಡಬೇಕು.

ಇದಕ್ಕೆ ಪೂರ್ವಭಾವಿಯಾಗಿ ಮಕ್ಕಳಿಂದ ‘ಕೂಡು’, ‘ಹರಿ’, ‘ಹಿಡಿ’, ‘ಕಟ್ಟು’ ಮುಂತಾದ ಪದಗಳಿಗೆ ಹತ್ತು ಹತ್ತು ವಾಕ್ಯಗಳನ್ನು ಬರೆಯಿಸಬೇಕು. ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರೆದು ತರುವಂತೆ ಹೇಳಿದರೆ ಇನ್ನೂ ಒಳ್ಳೆಯದು. 1894ರಲ್ಲಿ ಮಂಗಳೂರಿನಲ್ಲಿ ಮುದ್ರಣಗೊಂಡ ತಮ್ಮ ಕನ್ನಡ-ಇಂಗ್ಲಿಷ್ ನಿಘಂಟಿಗೆ ರೆವರೆಂಡ್ ಕಿಟೆಲ್ ಅವರು ಕಾವ್ಯಗಳ ಜೊತೆಗೆ ಜನರ ಗಾದೆ, ಆಡುಮಾತುಗಳನ್ನೂ ಸಂಗ್ರಹಿಸಿದ್ದರು. ಜರ್ಮನಿಯಿಂದ ಬಂದ ವಿದ್ವಾಂಸರು ನಮ್ಮ ಹಿರಿಯರಿಂದ ಕಲಿತದ್ದನ್ನು ನಮ್ಮ ಮೊಮ್ಮಕ್ಕಳು ಕಲಿಯಬಾರದೆ? ತಮ್ಮ ಭಾಷೆಯ ಚಿಕ್ಕ ಪದವೊಂದು ಹತ್ತು ವೇಷ ಹಾಕುವುದನ್ನು ಒಮ್ಮೆ ಕಂಡುಕೊಂಡ ಮಗುವಿಗೆ ಇಂಗ್ಲಿಷಿನ ಪದ ಹತ್ತು ವೇಷ ಹಾಕಿದರೆ ಭಯವಾಗುವುದಿಲ್ಲ, ಕುತೂಹಲವಾಗುತ್ತದೆ.

ಪಾಲಕರಲ್ಲಿ ಒಂದು ಮಾತು

ಪ್ರಾಥಮಿಕ ಶಿಕ್ಷಣದ ಮಾಧ್ಯಮ ಯಾವುದಿರಬೇಕೆಂಬ ವಾದ ಗೋವೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಪ್ರಾದೇಶಿಕ ಭಾಷೆಗಳ ಪ್ರಾಥಮಿಕ ಶಾಲೆಗಳಿಗೆ ಮಾತ್ರ ಅನುದಾನವೆಂದು 1990ರಲ್ಲಿ ನಿಶ್ಚಯಿಸಿದ್ದ ಸರ್ಕಾರವು 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅದನ್ನು ವಿಸ್ತರಿಸಲು ನಿರ್ಣಯಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಾದರೋ ಸಾಧ್ಯವಿರುವೆಡೆಯಲ್ಲೆಲ್ಲ ಕನಿಷ್ಠ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಶಿಕ್ಷಣವಿರಬೇಕೆಂದು ಹೇಳಿದೆ. ಈ ವಾದದಲ್ಲಿ ಪಕ್ಷ ವಹಿಸಲು ನಾನಿಲ್ಲಿ ಬರೆಯುತ್ತಿಲ್ಲ. ಹಗಲಿರುಳು ಪಾಳಿಯಲ್ಲಿ ದುಡಿಯುವ ತಂದೆತಾಯಿಗಳು ಮಕ್ಕಳ ಭವಿಷ್ಯಕ್ಕಾಗಿ ಇಂಗ್ಲಿಷನ್ನು ಬಯಸುವುದು ಸಹಜ, ನ್ಯಾಯವೂ ಹೌದು. ಆದರೆ ಕನ್ನಡವು ಇಂಗ್ಲಿಷಿನ ದಾರಿಗೆ ಅಡ್ಡವೆಂಬ ತಿಳಿವಳಿಕೆ ಮಾತ್ರ ನಿರಾಧಾರವಾದುದು. ಪದಕ್ಕೆ ಅರ್ಥ ಎಲ್ಲಿಂದ ಬರುತ್ತದೆ ಎಂಬ ಗುಟ್ಟನ್ನು ಮಗುವು ಕಲಿಯುವುದು ತಾಯ ಮಾತಿನಲ್ಲಿ. ಆ ಗುಟ್ಟು ಅರಿಯದೆ ಇಂಗ್ಲಿಷನ್ನು ಉರುಹೊಡೆದವರಿಗೆ 430 ಅರ್ಥಗಳೂ 430 ಹೊರೆಗಳೇ. ಅರಿತವರಿಗೆ ಅವು ಒಂದೇ ಮರದ ಕೊಂಬೆಗಳು.

ಮನುಷ್ಯರಂತೆ ಪದಗಳೂ ಒಂಟಿಯಾಗಿದ್ದಾಗ ಮೂಕ, ಕೂಡಿದಾಗಲೇ ಮಾತು. ಬೇರೆ ಬೇರೆ ಜಿಲ್ಲೆಗಳಿಂದ ಬಂದು ಈ ನೆಲದಲ್ಲಿ ನೆಲೆನಿಂತ ಕುಟುಂಬಗಳನ್ನು ಒಂದುಗೂಡಿಸಿ, ಅವರ ಮಕ್ಕಳನ್ನು ಒಂದೇ ಹಲಗೆಯ ಮುಂದೆ ಕೂಡಿಸಿ, ಐವತ್ತು ವರ್ಷಗಳ ಕಾಲ ಅಕ್ಷರ ಕಲಿಸಿದ ಈ ಶಾಲೆಯ ಕೆಲಸವನ್ನು ಹೇಳಲು ‘ಕೂಡಿಸು’ ಎಂಬ ಪದದ ಎರಡೂ ಅರ್ಥಗಳು ಬೇಕಾಗುತ್ತವೆ. ಇಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳು ಇಂದಿನ ಮಕ್ಕಳಿಗೊಂದು ಒಳ್ಳೆಯ ಕನ್ನಡ ನಿಘಂಟನ್ನೂ ಒಂದು ಇಂಗ್ಲಿಷ್-ಕನ್ನಡ ನಿಘಂಟನ್ನೂ ಕೊಡಿಸಿ, ವಾರಕ್ಕೊಂದು ಪದವನ್ನು ಅವರೊಡನೆ ಕುಳಿತು ಬಿಡಿಸಿದರೆ ಸುವರ್ಣ ಮಹೋತ್ಸವಕ್ಕೆ ಅದಕ್ಕಿಂತ ಉಚಿತವಾದ ಕಾಣಿಕೆ ಬೇರೊಂದಿಲ್ಲ. ಎಲ್ಲರ ಸಂಕಲ್ಪವೂ ಕೈಗೂಡಲಿ ಎಂದು ಹಾರೈಸುತ್ತೇನೆ.